ಮಾತ್ರೆ ನುಂಗಿದವಳು

ಸಮವಸ್ತ್ರ ಹೊಲಿಯುವ ಆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದರು. ಹೊಲಿಯುವವರು ಹನ್ನೊಂದು ಜನ, ಬಟ್ಟೆ ಕತ್ತರಿಸುವವಳು ಅವಳೊಬ್ಬಳೇ. ಉದ್ದನೆಯ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಕಂದು ಕಾಗದದ ಮಾದರಿ ಇಟ್ಟು ಗೆರೆ ಎಳೆದು ಕತ್ತರಿಸುವ ಮಷಿನ್ ಹಿಡಿದಳೆಂದರೆ ಒಂದು ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಅವಳಿಗೆ ಸ್ಕಿಜೋಫ್ರೇನಿಯಾ ಇದೆಯೆಂಬುದು ಅಂಗಡಿಯ ಒಡತಿಗೆ ಗೊತ್ತಿತ್ತು. "ನನ್ನ ಗಂಡನಿಗೆ ಯಾವ ಕಾಯಿಲೆಯೂ ಇಲ್ಲ, ಆದ್ರೂ ಒಂದು ಗೆರೆ ನೆಟ್ಟಗೆ ಎಳೆಯೋಕೆ ಬರಲ್ಲ" ಎಂದು ಆಕೆ ಆ ವಿಷಯವನ್ನು ಅಲ್ಲಿಗೇ ಮುಗಿಸಿದ್ದಳು.

ಕಾಯಿಲೆ ಬಂದಾಗ ಅವಳಿಗೆ ಇಪ್ಪತ್ತೆಂಟು. ಯಾರೂ ಇಲ್ಲದ ಕಡೆಯಿಂದ ಒಬ್ಬ ಗಂಡಸಿನ ಧ್ವನಿ, ಅವಳು ಏನು ಮಾಡಿದರೂ "ತಪ್ಪು, ತಪ್ಪು" ಎನ್ನುತ್ತಿತ್ತು. ಅದಕ್ಕೆ ಅವಳೇ ಮೇಷ್ಟ್ರು ಎಂದು ಹೆಸರಿಟ್ಟಳು. ಮಾತ್ರೆ ಶುರುವಾದ ಮೇಲೆ ಮೇಷ್ಟ್ರು ಜಾಗ ಖಾಲಿ ಮಾಡಿದರು. ಆಗಲೇ ಆಸ್ಪತ್ರೆಯ ಆಯಾ ಒಬ್ಬಳು, ಅವಳನ್ನು ತನ್ನ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಳ್ಳುತ್ತಿದ್ದ ಅಣ್ಣನನ್ನು ಪಕ್ಕಕ್ಕೆ ಕರೆದು, "ಇವರೆಲ್ಲ ಮಾತ್ರೆನ ನಾಲಿಗೆ ಕೆಳಗೆ ಇಟ್ಕೊಂಡು ಆಮೇಲೆ ಉಗುಳ್ತಾರೆ, ಸ್ವಲ್ಪ ಹುಷಾರು" ಎಂದು ಕಿವಿ ಊದಿದಳು.

ಆ ಮಾತು ಬಿದ್ದದ್ದು ಎಂಥವನ ಕಿವಿಗೆ! ಅಣ್ಣನ ಕೆಲಸ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ. ಟಿಕೆಟ್ ಇಲ್ಲದವನನ್ನು ಮುಖ ನೋಡಿಯೇ ಹಿಡಿಯುತ್ತೇನೆಂಬ ಜಂಬ ಅವನಿಗೆ. ಅಂದಿನಿಂದ ಪ್ರತಿದಿನ ಊಟವಾದ ಮೇಲೆ "ಬಾಯಿ ತೆಗಿ, ನಾಲಿಗೆ ಎತ್ತು" ಎನ್ನುವುದೂ ಅವನ ಡ್ಯೂಟಿಯಾಯಿತು. ಕೆಟ್ಟವನಲ್ಲ. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಡಾಕ್ಟರ ತಾರೀಕು ತಪ್ಪಿಸಿದವನಲ್ಲ, ತಂಗಿಗೆ ಕೈ ಎತ್ತಿದವನಲ್ಲ. ಆದರೆ ಡಾಕ್ಟರ ಕೋಣೆಯಲ್ಲಿ ಅವಳ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ನಿದ್ದೆ ಹೇಗಿದೆ ಎಂದು ಅವಳನ್ನು ಕೇಳಿದರೆ ಅವನು ಹೇಳುತ್ತಿದ್ದ, ಹಸಿವೆ ಹೇಗಿದೆ ಎಂದರೂ ಅವನೇ.

ಹೀಗಾಗಿ ಒಂದು ವಿಷಯ ಯಾವ ಡಾಕ್ಟರಿಗೂ ತಿಳಿಯಲಿಲ್ಲ. ಮುಟ್ಟಿಗೆ ಮೂರು ನಾಲ್ಕು ದಿನ ಇದೆ ಎನ್ನುವಾಗ ಮೇಷ್ಟ್ರು ಒಂದಿಷ್ಟು ಗೊಣಗುತ್ತಿದ್ದರು, ಮುಟ್ಟು ಮುಗಿಯುವಷ್ಟರಲ್ಲಿ ಸುಮ್ಮನಾಗುತ್ತಿದ್ದರು. ಅವಳು ಒಂದು ಹಳೆಯ ಮಾದರಿ ಕಾಗದದ ಬೆನ್ನಿಗೆ ಮುಟ್ಟಿನ ದಿನಕ್ಕೆ ಸೊನ್ನೆ, ಧ್ವನಿ ಕೇಳಿದ ದಿನಕ್ಕೆ ಗೆರೆ ಹಾಕುತ್ತಾ ಬಂದಿದ್ದಳು. ಇದನ್ನು ಅಣ್ಣನ ಎದುರಿಗೆ ಹೇಳುವುದು ಹೇಗೆ? ಅತ್ತಿಗೆಗೆ ಹೇಳಿದರೆ, "ಆ ದಿನಗಳಲ್ಲಿ ನಂಗೂ ತಲೆ ಕೆಡುತ್ತೆ ಕಣೇ" ಎಂದು ನಕ್ಕುಬಿಟ್ಟಳು.

ನಲವತ್ತೈದು ದಾಟಿದ ಮೇಲೆ ಸೊನ್ನೆಗಳು ಅಡ್ಡಾದಿಡ್ಡಿಯಾದವು, ಕೊನೆಗೆ ನಿಂತೇಹೋದವು. ಮೇಷ್ಟ್ರು ಮಾತ್ರ ಬಂದು ತಳವೂರಿಬಿಟ್ಟರು. "ಅಣ್ಣ, ಮಾತ್ರೆ ನುಂಗ್ತಾನೇ ಇದ್ದೀನಿ, ಆದ್ರೂ ಕೇಳಿಸ್ತಿದೆ" ಎಂದಳು. ಅಣ್ಣನ ಪ್ರಕಾರ ಇವೆರಡರಲ್ಲಿ ಒಂದು ಸುಳ್ಳಾಗಿರಲೇಬೇಕು. ಒಂದೇ ವರ್ಷದಲ್ಲಿ ಎರಡು ಸಲ ವಾರ್ಡಿಗೆ ಸೇರಿಸಿದ. ಅಲ್ಲಿ ಮಾತ್ರೆ ಹೆಚ್ಚಾಯಿತು, ಕೈ ನಡುಗತೊಡಗಿತು, ಮೇಷ್ಟ್ರು ಜಗ್ಗಲಿಲ್ಲ. ಮನೆಗೆ ಬಂದ ಮೇಲೆ ಅವಳು ಧ್ವನಿಯ ವಿಷಯ ಹೇಳುವುದನ್ನೇ ನಿಲ್ಲಿಸಿದಳು. ಧ್ವನಿ ಕೇಳಿಸುತ್ತಿದೆ ಎಂದರೆ ಮಾತ್ರೆಗಳ್ಳಿ, ಹೇಳದಿದ್ದರೆ ಮೇಷ್ಟ್ರ ಜೊತೆ ಒಬ್ಬಳೇ. ಯಾವ ಕಡೆ ತಿರುಗಿದರೂ ಗೋಡೆ.

ಅಷ್ಟರಲ್ಲಿ ದಾದಿಯರ ನಲವತ್ತು ಕೋಟುಗಳ ಕೆಲಸ ಬಂತು. ತೋಳು ಕತ್ತರಿಸುವಾಗ ಎಡಕ್ಕೊಮ್ಮೆ ಗೆರೆ ಎಳೆದು, ಮಾದರಿಯನ್ನು ಮಗುಚಿ ಬಲಕ್ಕೊಮ್ಮೆ ಎಳೆಯಬೇಕು. ಅವಳು ಮಗುಚಲು ಹೋದಾಗಲೆಲ್ಲ ಮೇಷ್ಟ್ರು "ತಪ್ಪು" ಎಂದರು. ಮಗುಚದೆಯೇ ಎಳೆದಳು. ಎಂಬತ್ತು ತೋಳು, ಎಂಬತ್ತೂ ಎಡಗೈಯವೇ. ಹೊಲಿಯುವವರು ಮೊದಲು ಬಿದ್ದು ಬಿದ್ದು ನಕ್ಕರು, ಅವಳ ಮುಖ ನೋಡಿ ಸುಮ್ಮನಾದರು.

ಒಡತಿ ಮಷಿನಿನ ಪ್ಲಗ್ ಕಿತ್ತು, ಅಣ್ಣನಿಗೆ ಫೋನ್ ಮಾಡಿದಳು. "ಡಾಕ್ಟರು ಸರಿ ಅಂದ್ರೆ ಮೇಜು ನಿಂದೇ, ಮತ್ತೆ ವಾರ್ಡು ಅಂದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ, ಬೇಜಾರು ಮಾಡ್ಕೋಬೇಡ" ಎಂದಳು ಅವಳಿಗೆ. ಆ ಮೇಜೊಂದನ್ನು ಬಿಟ್ಟರೆ ಅವಳದು ಎನ್ನುವಂಥದ್ದು ಇನ್ನೇನಿತ್ತು?

ಮಾರನೆಯ ದಿನ ಆಸ್ಪತ್ರೆಯಲ್ಲಿ ಹೊಸ ಡಾಕ್ಟರಮ್ಮ ಕೂತಿದ್ದರು. "ಮತ್ತೆ ಮಾತ್ರೆ ಉಗುಳಿದ್ದಾಳೆ ಮೇಡಂ, ಈ ಸಲ ಮೂರು ತಿಂಗಳಾದ್ರೂ ವಾರ್ಡಲ್ಲಿ ಇಟ್ಕೊಳ್ಳಿ" ಎಂದು ಅಣ್ಣ ಶುರುಮಾಡಿದ. ಅವಳು ಚೀಲದಿಂದ ಕಂದು ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿದಳು.

"ಈ ಸೊನ್ನೆ ಏನು?" ಡಾಕ್ಟರಮ್ಮ ಕೇಳಿದರು.

"ಅದು ಅವಳ ಅಂಗಡಿ ಅಳತೆ ಮೇಡಂ" ಎಂದ ಅಣ್ಣ.

"ಅಲ್ಲ" ಎಂದಳು ಅವಳು. "ಅದು ನನ್ನ ಮುಟ್ಟು. ಗೆರೆ ಅಂದ್ರೆ ಧ್ವನಿ. ಮೊದಲು ಗೆರೆ ಎಲ್ಲಾ ಸೊನ್ನೆ ಪಕ್ಕದಲ್ಲೇ ಇತ್ತು. ಸೊನ್ನೆ ನಿಂತ ಮೇಲೆ ನೋಡಿ, ದಿನಾ ಗೆರೆ."

ಅಣ್ಣ ತಲೆ ತಗ್ಗಿಸಿ ತನ್ನ ಬೂಟನ್ನೇ ತಪಾಸಣೆ ಮಾಡತೊಡಗಿದ. ಡಾಕ್ಟರಮ್ಮ ಕಾಗದದ ಮೇಲೆ ಬೆರಳಿಟ್ಟು ವರ್ಷ ವರ್ಷವಾಗಿ ನೋಡಿದರು.

"ಈಸ್ಟ್ರೋಜನ್ ಅಂತ ಹೆಣ್ಣಿನ ಹಾರ್ಮೋನು. ಅದು ಮೆದುಳಿಗೂ ಒಂದಿಷ್ಟು ಆಸರೆ ಕೊಡುತ್ತೆ. ಈ ವಯಸ್ಸಲ್ಲಿ ಅದು ಇಳಿದಾಗ, ಅಷ್ಟೇ ಮಾತ್ರೆ ತಗೊಂಡ್ರೂ ಕೆಲವರಿಗೆ ಸಾಕಾಗಲ್ಲ. ರಕ್ತ ಪರೀಕ್ಷೆ ಮಾಡಿಸೋಣ, ಹೆಂಗಸರ ಡಾಕ್ಟರ ಜೊತೆ ನಾನೇ ಮಾತಾಡ್ತೀನಿ. ವಾರ್ಡು ಬೇಡ. ಕೈ ನಡುಗೋದು ನಿಂತ ಮೇಲೆ ಕೆಲಸಕ್ಕೂ ಹೋಗ್ಲಿ."

"ಹಾಗಾದ್ರೆ ಇವಳು ಮಾತ್ರೆ ಉಗುಳ್ತಿರಲಿಲ್ವಾ?"

"ಉಗುಳೋದನ್ನ ನೀವು ನೋಡಿದ್ದೀರಾ?"

ಅಣ್ಣ ನೋಡಿರಲಿಲ್ಲ. ಹೊರಗೆ ಬಂದವನು ರಕ್ತ ಪರೀಕ್ಷೆಯ ಚೀಟಿ ಹಿಡಿದು ಬೆಂಚಿನ ಮೇಲೆ ಕುಸಿದು ಕೂತ. ಅವಳು ಇಷ್ಟು ದಿನ ಕಾಯುತ್ತಿದ್ದ ಗಳಿಗೆ ಇದೇ, ಆದರೂ ಸಂತೋಷವೇ ಆಗಲಿಲ್ಲ. ಅವನು ತಲೆ ಎತ್ತದೆಯೇ ಕೇಳಿದ: "ಎರಡು ಸಲ ವಾರ್ಡಿಗೆ ಹಾಕಿದ್ನಲ್ಲ... ಆಗಲೂ ಎಲ್ಲಾ ನುಂಗಿದ್ಯೇನೇ?"

ಉತ್ತರ ಅವಳ ನಾಲಿಗೆಯ ತುದಿಯಲ್ಲೇ ಇತ್ತು. ಅವನ ಮುಖ ನೋಡಿದಳು. ವಾರ್ಡಿಗೆ ಸೇರಿದ ಮೊದಲ ದಿನ, ಹಿಂದಿನಿಂದ ಬಾಗಿಲಿಗೆ ಬೀಗ ಬಿದ್ದಾಗ ಹೆಂಗಸರ ಮುಖ ಹೀಗೇ ಇರುತ್ತಿತ್ತು.

"ಇಲ್ಲ ಅಣ್ಣ. ಆಗ ಉಗುಳಿದ್ದೆ."

ಇಪ್ಪತ್ತು ವರ್ಷದಲ್ಲಿ ಮಾತ್ರೆಯ ವಿಷಯದಲ್ಲಿ ಅವಳು ಅವನಿಗೆ ಹೇಳಿದ ಮೊದಲ ಸುಳ್ಳು ಅದು. ಅವನು ತಕ್ಷಣ ನಂಬಿದ.

"ಅದೇ ಮತ್ತೆ! ನಂಗೆ ಗೊತ್ತಿತ್ತು" ಎಂದು ಎದ್ದು ನಿಂತ. ಮುಖಕ್ಕೆ ಜೀವ ಬಂದಿತ್ತು. "ಬಾ ಬಾ, ರಕ್ತ ಕೊಟ್ಟು ಹೋಗೋಣ" ಎಂದು ಚೀಟಿ ಹಿಡಿದು ಮುಂದೆ ನಡೆದ. ಅವಳು ಅವನ ಹಿಂದೆ ಹೋದಳು.