ದವಡೆಗೆ ತಾಗಿದ ತಂತಿ

ನನ್ನ ಹೆಂಡತಿಯ ಅಪ್ಪ ಮೂವತ್ತೊಂದು ವರ್ಷದಿಂದ ಸಮುದ್ರಕ್ಕೆ ಜ್ವರ ನೋಡುತ್ತಿರುವವರು. ಹಡಗಿನ ಅಂಚಿನಿಂದ ಉಕ್ಕಿನ ತಂತಿ ಇಳಿಬಿಟ್ಟು, ನೂರು, ಐನೂರು, ಸಾವಿರ ಮೀಟರ್ ಆಳಕ್ಕೆ ಒಂದೊಂದು ಪಾದರಸದ ಥರ್ಮಾಮೀಟರ್ ಕಳಿಸುವುದು ಅವರ ಕೆಲಸ. ತಂತಿ ಸುತ್ತುವ ಯಂತ್ರ ನಡೆಸುವ ಕೆಲಸ ನನ್ನದು. ನನಗೆ ಕೋಪ ಮೂಗಿನ ತುದಿಯಲ್ಲೇ. ಮದುವೆಗೆ ಮುಂಚೆ ಮಾವ ಮಗಳಿಗೆ ಹೇಳಿದ್ದರಂತೆ: "ಇವನು ಮೇಲ್ಮೇಲೆ ಬಿಸಿ, ತಳದಲ್ಲಿ ತಣ್ಣಗಿದ್ದಾನೆ. ಅಳೆದು ನೋಡಿದ್ದೀನಿ, ಒಪ್ಕೋ."

ಥರ್ಮಾಮೀಟರ್ ಆಳದಲ್ಲಿ ಹತ್ತು ನಿಮಿಷ ಇರಬೇಕು. ಆಮೇಲೆ ತಂತಿಗುಂಟ ಹಿತ್ತಾಳೆ ಗುಂಡು ಬಿಡುತ್ತೇವೆ. ಅದು ಜಾರಿ ಹೋಗಿ ಬಡಿದರೆ ಥರ್ಮಾಮೀಟರ್ ತಲೆಕೆಳಗಾಗಿ ಪಾದರಸದ ಎಳೆ ತುಂಡಾಗುತ್ತದೆ; ಅದರ ಕೆಳಗೆ ತೂಗುಹಾಕಿದ ಇನ್ನೊಂದು ಗುಂಡು ಕಳಚಿ ಮುಂದಿನ ಥರ್ಮಾಮೀಟರಿಗೆ ಹೋಗುತ್ತದೆ. ಮೇಲೆ ಬಂದು ಬಿಸಿಲು ಕಂಡರೂ ಆಳದ ಅಳತೆ ಅಲುಗುವುದಿಲ್ಲ. ಆ ಬಡಿತ ತಂತಿಯಲ್ಲಿ ಇರುವೆ ನಡೆದಷ್ಟು ಬರುತ್ತದೆ. ಮಾವ ಬೆರಳಿಟ್ಟು "ಬಿತ್ತು" ಅಂದರೆ ನಾನು ಎತ್ತುತ್ತಿದ್ದೆ.

ಹೋದ ವರ್ಷ ಒಂದು ದಿನ ಹಾಗೇ ಅಂದರು. ಮುಕ್ಕಾಲು ಗಂಟೆ ಸುತ್ತಿ ಎತ್ತಿದರೆ ಕೊನೆಯ ಥರ್ಮಾಮೀಟರ್ ನೆಟ್ಟಗೇ ನಿಂತಿದೆ! ಅದಕ್ಕೆ ಬಡಿಯಬೇಕಾದ ಗುಂಡು ನಡುದಾರಿಯಲ್ಲೇ ಸಿಕ್ಕಿಕೊಂಡಿತ್ತು.

"ಏನ್ ಮಾವ, ಬೆರಳೋ ಕಟ್ಟಿಗೆಯೋ ಅದು?" ಎಂದು ಕೂಗಾಡಿದೆ.

"ಕಟ್ಟಿಗೇನೇ ಕಣಪ್ಪ," ಅಂದರು ಮೆಲ್ಲಗೆ. "ಎರಡು ತಿಂಗಳಾಯ್ತು, ಜೋಮು ಬಿಟ್ಟಿಲ್ಲ. ಗಡಿಯಾರ ನೋಡ್ಕೊಂಡು ಬಿತ್ತು ಅಂತಿದ್ದೆ. ಆಫೀಸರಿಗೆ ಗೊತ್ತಾದ್ರೆ ನನ್ನ ದಡಕ್ಕೆ ಇಳಿಸ್ತಾರೆ. ದಡದಲ್ಲಿ ನಾನೇನು ಮಾಡ್ಲಿ?"

ನಾನು ಸಿಕ್ಕಿಕೊಂಡ ಗುಂಡನ್ನು ಬಿಡಿಸಿದೆ.

ಮತ್ತೆ ಇಳಿಸಿದೆವು. ಗುಂಡು ಬಿಟ್ಟ ಮೇಲೆ ಮಾವ ಬೆರಳಿಡಲಿಲ್ಲ. ಬಗ್ಗಿ, ದವಡೆಯನ್ನು ತಂತಿಗೆ ಆನಿಸಿ, ಕಣ್ಣು ಮುಚ್ಚಿದರು.

"ಒಂದು... ಎರಡು... ಮೂರು. ಬಿತ್ತು ಕಣೋ!"

ಎತ್ತಿದರೆ ಮೂರೂ ತಲೆಕೆಳಗಾಗಿದ್ದವು. ನಾನು ಬೇಡ ಬೇಡ ಅಂದರೂ ಕೇಳದೆ, ತಂತಿಯ ಗ್ರೀಸು ಮೆತ್ತಿದ ಮುಖದಲ್ಲೇ ಆಫೀಸರ ಬಳಿ ಹೋದರು.

"ಸರ್, ನನ್ನ ಬೆರಳು ಹೋಗಿದೆ."

"ಗೊತ್ತು. ನಿಮ್ಮ ಅಳಿಯನ ಗಂಟಲು ನನ್ನ ಕೋಣೆ ತನಕ ಬಂತು. ದವಡೆ ಆನಿಸಿದ್ದೂ ನೋಡಿದೆ. ಹೇಗಿದೆ ಅದು?"

"ಗಟ್ಟಿಯಾಗಿದೆ ಸರ್. ಹಲ್ಲೂ ಪೂರ್ತಿ ಇದಾವೆ."

"ಹಾಗಾದ್ರೆ ಅವು ಉದುರೋ ತನಕ ಇರಿ. ಆದ್ರೆ ತಿಳೀದೆ 'ಬಿತ್ತು' ಅನ್ಬೇಡಿ."

ಈಗ ತಂತಿ ನಿಂತ ಕೂಡಲೇ ಯಂತ್ರ ಬಿಟ್ಟು ಎದ್ದು ಹೋಗುತ್ತೇನೆ. ಮಾವನ ದವಡೆ ತಾಗುವ ಒಂದು ಗೇಣು ತಂತಿಯ ಗ್ರೀಸನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿ ಬರುತ್ತೇನೆ.

"ಬೈದ್ಕೊಂಡೇ ಒರೆಸೋ ಮಾರಾಯ," ಅನ್ನುತ್ತಾರೆ ಮಾವ. "ನೀನು ಇಷ್ಟು ಸುಮ್ಮನಿದ್ರೆ ನಂಗೆ ಭಯ ಆಗುತ್ತೆ."