ದನದ ಆಸ್ಪತ್ರೆಯ ಅಂಗಳ

ತೆರಕಣಾಂಬಿಯಲ್ಲಿ ನಮ್ಮ ಮನೆಗೆ ಸ್ವಂತ ದಾರಿ ಅಂತ ಇರಲಿಲ್ಲ. ಮುಂದೆ ಹಳೆಯ ದನದ ಆಸ್ಪತ್ರೆ; ಅದರ ಅಂಗಳ ಹಾದೇ ನಾವು ಬೀದಿಗೆ ಬರಬೇಕು. ಆಸ್ಪತ್ರೆ ಹೊಸ ಕಟ್ಟಡಕ್ಕೆ ಹೋದ ಮೇಲೆ ಅಲ್ಲಿ ಉಳಿದದ್ದು ಹೆಂಚು ಜಾರಿದ ಸೂರು ಮತ್ತು ದನ ನಿಲ್ಲಿಸುತ್ತಿದ್ದ ಕಬ್ಬಿಣದ ಚೌಕಟ್ಟು. ಅವ್ವ ಅದರ ಮೇಲೆ ಸೀರೆ ಒಣಗಹಾಕುತ್ತಿದ್ದಳು. ಸರ್ಕಾರದ್ದು ಎಂದರೆ ಅರ್ಧ ನಮ್ಮದೇ ಎಂದುಕೊಂಡು ಹಾಯಾಗಿದ್ದೆವು.

ಕಳೆದ ವರ್ಷ ಅದರ ಗೋಡೆಗೆ ಹರಾಜಿನ ನೋಟಿಸು ಅಂಟಿಸಿದರು. ಮರುದಿನವೇ ಬಾಳೆಕಾಯಿ ಮಂಡಿಯ ಸಾಹುಕಾರರು ಟೇಪು ಹಿಡಿದು ಬಂದರು. ಗೋಡೌನ್ ಮಾಡಿ ಸುತ್ತ ಕಾಂಪೌಂಡ್ ಎತ್ತಿಸುತ್ತಾರಂತೆ. ಕಾಂಪೌಂಡ್ ಎದ್ದರೆ ನಮ್ಮ ದಾರಿ ಮುಚ್ಚಿದಂತೆಯೇ. ಅವ್ವನಿಗೆ ಡಯಾಲಿಸಿಸ್ ನಡೆಯುತ್ತಿತ್ತು. ಚಾಮರಾಜನಗರಕ್ಕೆ ಕರೆದೊಯ್ಯಲು ಆಟೋ ಬಾಗಿಲಿಗೇ ಬರಬೇಕು, ಬೀದಿತನಕ ನಡೆಯುವ ಶಕ್ತಿ ಅವಳಲ್ಲಿರಲಿಲ್ಲ. ದಾರಿ ಬಿಡಿಸಿಕೊಡಿ ಎಂದು ಗುಂಡ್ಲುಪೇಟೆಯ ಕಚೇರಿಗೆ ಅಲೆದೆ. ‘ಹರಾಜಿಗೆ ಮುಂಚೆ ಸರ್ವೆ ಆದ್ರೆ ಸರಿ, ಇಲ್ದಿದ್ರೆ ಕೊಂಡವ್ರ ಇಷ್ಟ’ ಎಂದರು. ಸರ್ವೆಯವರಿಗೋ ಪುರುಸೊತ್ತಿಲ್ಲ.

ಹರಾಜಿನ ದಿನ ಜೀವ ಕೈಯಲ್ಲಿ ಹಿಡಿದು ಹೋದೆ. ಶಾಮಿಯಾನ, ಕುರ್ಚಿ ಎಲ್ಲ ಇದ್ದವು, ಜನ ಇರಲಿಲ್ಲ. ಕರಾವಳಿ ಕಡೆಯಿಂದ ಹೊಸದಾಗಿ ಬಂದಿದ್ದ ಸಾಹೇಬರು ಗಡಿಯಾರ ನೋಡಿ ನೋಡಿ ಸಾಕಾಗಿ, ಯಾಕೆ ಯಾರೂ ಬರಲಿಲ್ಲ ಎಂದು ಜವಾನನನ್ನು ಕೇಳಿದರು.

‘ಇವತ್ತು ಅಮಾಸೆ ಅಲ್ವಾ ಸಾ. ಎಲ್ಲಾ ಮಾದಪ್ಪನ ಬೆಟ್ಟಕ್ಕೆ ಓಗವ್ರೆ.’

‘ಮೊದಲೇ ಹೇಳೋದಲ್ವಾ ಮಾರಾಯ?’

‘ತಮಗೆ ಗೊತ್ತಿರ್ತದೆ ಅಂದ್ಕಂಡೆ ಸಾ.’

ಅಮಾವಾಸ್ಯೆಗೆ ಬೆಟ್ಟ ತಪ್ಪಿಸದ ನಮ್ಮ ಸೀಮೆಯವರನ್ನು ಅಂದೇ ಹರಾಜಿಗೆ ಕರೆದ ಆ ಪುಣ್ಯಾತ್ಮರ ಕಾಲಿಗೆ ಅಡ್ಡಬೀಳಬೇಕು ಅನ್ನಿಸಿತು. ಹರಾಜು ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಸರ್ವೆಯವರು ಬಂದು, ಆಟೋ ಹೋಗುವಷ್ಟು ದಾರಿ ಬಿಟ್ಟು ಕಲ್ಲು ನೆಟ್ಟರು. ಮಿಕ್ಕ ಜಾಗ ಕಟ್ಟಡ ಸಮೇತ ಸಾಹುಕಾರರಿಗೇ ಆಯಿತು. ಅಬ್ಬಾ ಎಂದು ಉಸಿರು ಬಿಟ್ಟೆ.

ಆಮೇಲೊಂದು ಅಮಾವಾಸ್ಯೆ ಕಳೆದ ಮರುದಿನ ಸಾಹುಕಾರರು ಬೆಟ್ಟದ ಲಾಡು ಹಿಡಿದು ಮನೆಗೆ ಬಂದರು.

‘ನನ್ನೇ ಒಂದು ಮಾತು ಕೇಳಿದ್ರೆ ದಾರಿ ಬುಡ್ತಿರ್ಲಿಲ್ವಾ ದೊಡ್ಡವ್ವ? ಕಚೇರಿಗ್ಯಾಕೆ ಅಲೆದ್ರಿ?’

ನನಗೆ ನಾಚಿಕೆಯಾಯಿತು. ಪಕ್ಕದ ಬೀದಿಯ ಮನುಷ್ಯನನ್ನು ಕೇಳಬಹುದು ಎಂದು ಅಷ್ಟು ದಿನ ಹೊಳೆದೇ ಇರಲಿಲ್ಲ. ಅವ್ವ ಮಾತ್ರ ಲಾಡನ್ನು ಕಣ್ಣಿಗೊತ್ತಿಕೊಂಡು, ‘ನೀ ಬುಡ್ತಿದ್ದೆ ಕಣಪ್ಪ, ನಿನ್ ಮಕ್ಳು ಬುಡ್ಬೇಕಲ್ಲ? ಕಲ್ಲು ನೆಟ್ಟವ್ರೆ, ಅದು ಅಂಗೇ ಇರ್ಲಿ’ ಎಂದಳು. ಸಾಹುಕಾರರು ಗೊಳ್ಳೆಂದು ನಕ್ಕರು.

ಹೊರಗೆ ಹಾರನ್ ಕೇಳಿಸಿತು. ಆ ಕಲ್ಲುಗಳ ನಡುವೆ ಬಂದ ಆಟೋ ಬಾಗಿಲಲ್ಲೇ ನಿಂತಿತ್ತು. ಒಂದು ಕಡೆ ನಾನು, ಇನ್ನೊಂದು ಕಡೆ ಸಾಹುಕಾರರು ಹಿಡಿದು ಅವ್ವನನ್ನು ಹತ್ತಿಸಿದೆವು.