ಗಡಿಯಾಚೆಯ ಗದ್ದೆಗೆ ತಿಂಗಳಿಗೆ ಹತ್ತು ರೂಪಾಯಿ

ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ನಾನು ಕಾರಕೂನನಾಗಿದ್ದಾಗ ನನ್ನ ತಾಯಿ ಬೇರೊಂದು ಸರ್ಕಾರದ ನೆಲದಲ್ಲಿದ್ದಳು. ನಡೆದರೆ ಮೂರು ದಿನದ ದಾರಿ. ಸೂಪಾ ದಾಟಿ, ಅನಮೋಡದ ಘಟ್ಟ ಇಳಿದು, ಹೊಳೆಯ ಗುಂಟ ಹೋದರೆ ನಮ್ಮ ಊರು. ಆದರೆ ಅದು ಪೋರ್ತುಗೀಜರ ಗೋವೆ, ಇದು ಇಂಗ್ರಜರ ಮುಂಬಯಿ ಇಲಾಖೆ. ಏಳು ವರ್ಷದವನಿದ್ದಾಗ ಸೋದರಮಾವ ನನ್ನನ್ನು ಹಳಿಯಾಳಕ್ಕೆ ಕರೆತಂದು ಕನ್ನಡ ಶಾಲೆಗೆ ಹಾಕಿದ. ಹಾಗಾಗಿ ನನ್ನ ಓದು ಬರಹ ಕನ್ನಡದಲ್ಲಿ, ಮನೆಮಾತು ಕೊಂಕಣಿಯಲ್ಲಿ. ದಿನಚರಿ ಬರೆಯುವ ಅಭ್ಯಾಸವೂ ಶಾಲೆಯಲ್ಲೇ ಹತ್ತಿತು. ಡಿಪೋಗೆ ಬಂದ ದಿಮ್ಮಿ, ಹೋದ ದಿಮ್ಮಿ, ನನಗೆ ಬಂದ ಪಗಾರ, ಉಂಡದ್ದು, ಉಳಿದದ್ದು, ಎಲ್ಲವೂ ಅದರಲ್ಲಿ ಇವೆ. ಈ ಬರಹಕ್ಕೂ ಅದೇ ಆಧಾರ.

ನಮ್ಮ ಕಡೆಯಿಂದ ದುಡಿಯಲು ಬಂದವನು ನಾನೊಬ್ಬನೇ ಅಲ್ಲ. ಡಿಪೋದ ಹಿಂದೆ ಗರಗಸ ಎಳೆಯುವ ಹದಿನಾಲ್ಕು ಜನ ನಮ್ಮ ಊರ ಸುತ್ತಲಿನವರೇ. ಅವರಲ್ಲಿ ಹಿರಿಯನನ್ನು ಎಲ್ಲರೂ ಮುಕಾದಮ ಎನ್ನುತ್ತಿದ್ದರು. ನಮ್ಮಲ್ಲಿ ಯಾರೂ ಟಪಾಲಿನಲ್ಲಿ ಹಣ ಕಳಿಸುತ್ತಿರಲಿಲ್ಲ. ಮಳೆ ಹಿಡಿದು ಕಾಡಿನ ಕೆಲಸ ನಿಂತಾಗ ವರ್ಷದ ಉಳಿತಾಯವನ್ನು ಸೊಂಟಕ್ಕೆ ಕಟ್ಟಿಕೊಂಡು ಎಲ್ಲರೂ ಕೂಡಿ ಊರಿಗೆ ಹೋಗುವುದು ನಮ್ಮ ರೂಢಿ. ದುಡಿದವನು ಮನೆ ಮುಟ್ಟಿ, ಮಿಂದು, ತನ್ನ ಕೈಯಿಂದಲೇ ಹಣವನ್ನು ದೇವರ ಮುಂದಿನ ಮಣೆಯ ಮೇಲೆ ಇಡಬೇಕು. ಒಂದು ರಾತ್ರಿ ಅದು ಅಲ್ಲಿರುತ್ತದೆ. ಬೆಳಗಾದ ಮೇಲೆ ಮನೆಯ ಹೆಂಗಸು ಅದನ್ನು ತೆಗೆದುಕೊಳ್ಳುತ್ತಾಳೆ. ನನ್ನ ಅಪ್ಪ ಇದೇ ಡಿಪೋದಲ್ಲಿ ಗರಗಸ ಎಳೆದು ಪ್ರತಿ ವರ್ಷ ಹೀಗೆಯೇ ಮಾಡಿದ್ದ.

ಅಪ್ಪ ತೀರಿಕೊಂಡ ವರ್ಷವೇ ಯುರೋಪಿನಲ್ಲಿ ಯುದ್ಧ ಶುರುವಾಯಿತು. ಮುಂದಿನ ಮಳೆಗಾಲದಲ್ಲಿ ನಾನು ತೊಂಬತ್ತೆರಡು ರೂಪಾಯಿ ಇಟ್ಟುಕೊಂಡು ಗರಗಸದವರ ಜೊತೆ ರೈಲು ಹತ್ತಿದೆ. ಗಡಿಯ ಕ್ಯಾಸಲ್‌ರಾಕ್ ಸ್ಟೇಶನ್ನಿನಲ್ಲಿ ಎಲ್ಲರನ್ನೂ ಇಳಿಸಿ ಸಾಲು ಹಚ್ಚಿದರು. ಹಣ ಎಷ್ಟಿದೆ ಎಂದು ಕೇಳಿದಾಗ ನಾನು ತೊಂಬತ್ತೆರಡು ಎಂದೆ.

“ದಾರಿ ಖರ್ಚಿಗೆ ಇಪ್ಪತ್ತು ಒಯ್ಯಿರಿ. ಉಳಿದದ್ದು ವಾಪಸ್ ಒಯ್ಯಿರಿ, ಇಲ್ಲಾ ಇಲ್ಲೇ ಬಿಟ್ಟು ಹೋಗ್ರಿ,” ಎಂದ ಅಲ್ಲಿಯ ಅಧಿಕಾರಿ.

“ಅದು ನನ್ನ ಪಗಾರ್ರೀ.”

“ಪಗಾರ ನಿಮ್ಮದs. ದೇಶ ನಿಮ್ಮದಲ್ಲ. ಹೊಸಾ ಕಾಯದೆ ಐತಿ.”

ಹಿಂದೆ ನಿಂತಿದ್ದ ಮುಕಾದಮ ಕೊಂಕಣಿಯಲ್ಲಿ ಗೊಣಗಿದ. ಕೊಂಕಣಿಯ ಮಾತುಗಳನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. “ಕೇಳಿದ್ದಕ್ಕೆಲ್ಲ ಲೆಕ್ಕ ಒಪ್ಪಿಸೋಕೆ ಇದೇನು ನಿನ್ನ ಡಿಪೋನಾ?” ಆದರೆ ಅವನ ಸೊಂಟವನ್ನೂ ತಡವಿದರು. ಅವನೂ ಇಪ್ಪತ್ತರಲ್ಲೇ ಊರಿಗೆ ಹೋದ. ಎಪ್ಪತ್ತೆರಡು ರೂಪಾಯಿ ನನ್ನ ಜೊತೆಯೇ ದಾಂಡೇಲಿಗೆ ಬಂದು, ಡಿಪೋದ ಸಾಹೇಬರ ತಿಜೋರಿಯಲ್ಲಿ ಕುಳಿತವು. ಆ ಸಲ ಒಂದು ವಾರ ತಡವಾಗಿ, ಇಪ್ಪತ್ತೇ ಹಿಡಿದು ಊರಿಗೆ ಹೋದೆ. ಅದು ಅಪ್ಪನ ತಿಥಿಗೂ ಮನೆಯ ಹುಲ್ಲು ಹೊದಿಕೆಗೂ ಸರಿಹೋಯಿತು.

ಊರಿನಲ್ಲಿ ತಾಯಿ ಗದ್ದೆಯ ಮಾತು ತೆಗೆದಳು. ನಮ್ಮ ಊರಿನ ಗದ್ದೆಗಳು ಊರಿಗೆಲ್ಲ ಸೇರಿದವು. ಮೂರು ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಹಿರಿಯರು ಸೇರಿ ಒಂದೊಂದೇ ಗದ್ದೆಯ ಲಿಲಾವು, ಅಂದರೆ ಹರಾಜು, ಕೂಗುತ್ತಾರೆ. ಕೂಗಿ ಹಿಡಿದವರು ಮೊದಲ ಕಂತನ್ನು ಅಲ್ಲೇ ಇಡಬೇಕು. ಹೊಳೆಯ ಪಕ್ಕದ ಗದ್ದೆ ನಾಲ್ಕು ಲಿಲಾವಿನಿಂದ ನಮ್ಮ ಕೈಯಲ್ಲಿತ್ತು. ನಮ್ಮ ಮನೆಯ ಅಕ್ಕಿಯೆಲ್ಲ ಅದರದ್ದೇ. ಬರುವ ಬೇಸಿಗೆಗೆ ಮತ್ತೆ ಲಿಲಾವು ಇತ್ತು.

“ನಲವತ್ತಾದರೂ ಬೇಕು,” ಎಂದಳು ತಾಯಿ. “ಆ ಹೊತ್ತಿಗೆ ನೀನು ಇರ್ತೀಯಲ್ಲ?”

ಇರುವುದು ಸಾಧ್ಯವಿರಲಿಲ್ಲ. ಬೇಸಿಗೆಯೇ ಡಿಪೋದ ಸುಗ್ಗಿ. ಮಳೆಗೆ ಮೊದಲು ದಿಮ್ಮಿಗಳೆಲ್ಲ ಕಾಡಿನಿಂದ ಹೊರಬೀಳಬೇಕು. ಆಗ ರಜೆ ಕೇಳಿದವನು ತಿರುಗಿ ಬರುವ ಅಗತ್ಯವಿರಲಿಲ್ಲ. ರಜೆ ಸಿಗುವುದಿಲ್ಲ, ಹಣ ಕಳಿಸುತ್ತೇನೆ ಎಂದು ತಾಯಿಗೆ ಹೇಳಿ ಬಂದೆ. ನನ್ನ ಎಪ್ಪತ್ತೆರಡು ರೂಪಾಯಿಯಲ್ಲಿ ನಲವತ್ತನ್ನು ಲಿಲಾವಿನೊಳಗೆ ಅವಳಿಗೆ ಮುಟ್ಟಿಸಬೇಕು. ಆ ವರ್ಷ ನನಗೆ ಇದ್ದದ್ದು ಅದೊಂದೇ ಕೆಲಸ.

ಕಾಡಿನ ದಾರಿಯಿಂದ ಒಯ್ದುಬಿಡು ಎಂದು ಮುಕಾದಮ ಹೇಳಿದ. ಆದರೆ ದೀಪಾವಳಿಯ ಹೊತ್ತಿಗೆ ಹಾಗೆ ಹೋದವನೊಬ್ಬ ಸಿಕ್ಕಿಬಿದ್ದು, ಹಣವೂ ಹೋಯಿತು, ಕೆಲಸವೂ ಹೋಯಿತು. ನಾನು ಕಟ್ಟಿಗೆಯ ಗಾಡಿ ಹತ್ತಿ ಹಳಿಯಾಳದ ಟಪಾಲು ಕಚೇರಿಗೆ ಹೋದೆ.

ಅಲ್ಲಿಯ ಪೋಸ್ಟ್ ಮಾಸ್ತರರು ವಯಸ್ಸಾದವರು. ಎದುರಿಗೆ ಯಾವಾಗಲೂ ತಂಬಾಕಿನ ಡಬ್ಬಿ.

“ತಾಯಿ ಯಾರ ರಾಜ್ಯದಾಗ ಇರ್ತಾರ್ರೀ?”

“ಪೋರ್ತುಗೀಜರ ರಾಜ್ಯದಾಗ್ರಿ.”

“ಅಂದ್ರ ನೀವು ಪರದೇಶದವ್ರಾದ್ರಿ.”

“ಇಲ್ಲೇ ಕನ್ನಡ ಸಾಲ್ಯಾಗ ಕಲತೇನ್ರಿ. ಆ ಗ್ವಾಡಿ ಆಚೀಗೆ ಐತಲ್ಲ, ಅದs ಸಾಲಿ.”

“ನೀವು ಕಲತೀರಿ. ನಿಮ್ಮ ರೊಕ್ಕ ಕಲತಿಲ್ಲಲ್ಲ,” ಎಂದು ಅವರು ನಗದೆ ಹೇಳಿದರು. ಬೆಂಚಿನ ಮೇಲಿದ್ದವರು ನಕ್ಕರು. “ಇರ್ಲಿ. ಪರವಾನಗಿ ಬೇಕು. ಇದಕ್ಕ ಮೊದಲು ಕಳಿಸಿದ ಮನಿಆರ್ಡರ್ ಪಾವತಿ ಚೀಟಿ ತೊಗೊಂಡು ಬರ್ರಿ. ಮೊದಲಿಂದ ಕಳಸ್ತಿದ್ರ ಮುಂದೂ ಕಳಸ್ಲಿ ಅಂತ ಐತಿ.”

“ಪಾವತಿ ಇಲ್ರಿ. ನಾವು ಕೈಯಾಗ ಒಯ್ಯೋರು.”

“ಹಂಗs ಒಯ್ದದ್ದನ್ನ ಇಲ್ಲಿ ಹೇಳಬ್ಯಾಡ್ರಿ. ಹೇಳಿದ್ರ ನಾ ಬರಕೋಬೇಕಾಗ್ತದ.”

ಅಪ್ಪ ಒಯ್ದದ್ದು, ನಾನು ಒಯ್ದದ್ದು, ಎಲ್ಲಕ್ಕೂ ನನ್ನ ದಿನಚರಿಯಲ್ಲಿ ತಾರೀಖು ಇತ್ತು. ಅದನ್ನು ಚೀಲದಿಂದ ತೆಗೆದು ಮತ್ತೆ ಒಳಗಿಟ್ಟೆ. ಆ ದಿನ ಗಾಡಿ ಸಿಗಲಿಲ್ಲ. ಅರ್ಧ ದಾರಿ ನಡೆದು ಬಂದೆ.

ಎರಡನೆಯ ಸಲ ಹೋದಾಗ, ಪಾವತಿ ಇಲ್ಲದಿದ್ದರೆ ತಾಯಿ ಬದುಕಿದ್ದಾಳೆಂದೂ ಅವಳು ನನ್ನ ತಾಯಿಯೇ ಎಂದೂ ಆ ಕಡೆಯ ಸರ್ಕಾರದವರಿಂದ ಬರೆಸಿ ತರಬೇಕೆಂದರು. ಊರಿಗೆ ಪತ್ರ ಬರೆದೆ. ಆರು ವಾರಕ್ಕೆ ಕಾಗದ ಬಂತು, ಪೂರಾ ಪೋರ್ತುಗೀಜ ಭಾಷೆಯಲ್ಲಿ. ಮೂರನೆಯ ಸಲ ಅದನ್ನು ಹಿಡಿದು ಹೋದೆ.

ಮಾಸ್ತರರು ಕಾಗದವನ್ನು ಬೆಳಕಿಗೆ ಹಿಡಿದು ಮುದ್ರೆ ನೋಡಿದರು. “ಏನು ಬರದಾರ?”

“ನಾ ನಮ್ಮವ್ವನ ಮಗಾ ಅಂತ ಬರದಾರ್ರಿ.”

“ಅದನ್ನ ಓದಿ ಹೇಳಾವ್ರು ನೀವs ಆದ್ರ ಹೆಂಗ? ಮಗಾ ಬಿಟ್ಟು ಬ್ಯಾರೇದವ್ರು ಹೇಳಬೇಕು.”

ಹಳಿಯಾಳದ ಇಗರ್ಜಿಯ ಪಾದ್ರಿಗಳಿಗೆ ಆ ಭಾಷೆ ಬರುತ್ತಿತ್ತು. ಅವರು ಊಟಕ್ಕೆ ಕೂತಿದ್ದರು. ಅವರ ಊಟ ಮುಗಿಯುವವರೆಗೆ ಹೊರಗಿನ ಕಟ್ಟೆಯ ಮೇಲೆ ಕಾಯ್ದು, ಇಂಗ್ಲಿಷಿನಲ್ಲಿ ಬರೆಸಿಕೊಂಡು, ಸಹಿ ಹಾಕಿಸಿಕೊಂಡು ಓಡಿದೆ. ಕಚೇರಿ ಮುಚ್ಚಿತ್ತು. ಮಾವನ ಮನೆಯಲ್ಲಿ ಮಲಗಿ ಮರುದಿನ ಮತ್ತೆ ಹೋದೆ. ಡಿಪೋದಲ್ಲಿ ಎರಡು ದಿನದ ಪಗಾರ ಕಡಿದರು.

ಅರ್ಜಿಯಲ್ಲಿ ಕಾರಣ ಬರೆಯುವಾಗ ನಾನು ಗದ್ದೆಯ ಕಂತಿಗೆ ಎಂದು ಬರೆಯಹೋದೆ. ಮಾಸ್ತರರು ನನ್ನ ಕೈ ಹಿಡಿದರು.

“ಗದ್ದಿ ಅಂದ್ರ ಆಸ್ತಿ. ಆಸ್ತಿ ಅಂದ್ರ ಅರ್ಜಿ ಮುಂಬೈಕ್ಕ ಹೋಗ್ತದ. ಮುಂಬೈದಿಂದ ಹೊಳ್ಳಿ ಬರೂದ್ರಾಗ ನಿಮಗ ಮೊಮ್ಮಕ್ಕಳು ಆಗಿರ್ತಾವ. ಊಟದ ಖರ್ಚು ಅಂತ ಬರೀರಿ. ಅವ್ವನ ಊಟಕ್ಕ ಯಾರೂ ಬ್ಯಾಡ ಅನ್ನೂದಿಲ್ಲ.”

“ನಲವತ್ತು ಒಮ್ಮೆಲೇ ಹೋದೀತೇನ್ರಿ?”

“ಒಂದು ಜೀವ ಒಂದು ತಿಂಗಳದಾಗ ನಲವತ್ತು ರೂಪಾಯಿ ಉಣ್ತದೇನ್ರಿ? ಹತ್ತು. ತಿಂಗಳಿಗೆ ಹತ್ತು.”

ನಾನು ಕೂತಲ್ಲೇ ಲೆಕ್ಕ ಹಾಕಿದೆ. ಜನವರಿ, ಫೆಬ್ರುವರಿ, ಮಾರ್ಚ್, ಏಪ್ರಿಲ್. ಮೇ ತಿಂಗಳ ಮೊದಲ ವಾರ ಲಿಲಾವು. ಬರೋಬ್ಬರಿ ನಲವತ್ತು. ಎಷ್ಟೋ ದಿನದ ಮೇಲೆ ಒಂದು ಲೆಕ್ಕ ನನ್ನ ಪರವಾಗಿ ಕೂಡಿತ್ತು. ಆದರೂ ಸಂತೋಷಪಡುವಷ್ಟು ತ್ರಾಣ ಉಳಿದಿರಲಿಲ್ಲ.

ನಾಲ್ಕು ತಿಂಗಳು, ಪ್ರತಿ ತಿಂಗಳ ಮೊದಲ ಸೋಮವಾರ, ಗಾಡಿಯಲ್ಲೋ ಕಾಲ್ನಡಿಗೆಯಲ್ಲೋ ಹಳಿಯಾಳಕ್ಕೆ ಹೋದೆ. ಪ್ರತಿ ಸಲವೂ ಅದೇ ಅರ್ಜಿ ಹೊಸದಾಗಿ ಬರೆಯಬೇಕು. ಅಪ್ಪನ ಹೆಸರು, ಅಜ್ಜನ ಹೆಸರು, ಹುಟ್ಟಿದ ಊರು, ಈ ದೇಶದಲ್ಲಿ ಎಷ್ಟು ವರ್ಷದಿಂದ ಇದ್ದೇನೆ, ತಿರುಗಿ ಹೋಗುವ ವಿಚಾರ ಇದೆಯೋ ಇಲ್ಲವೋ. ಕೊನೆಯ ಪ್ರಶ್ನೆಗೆ ಮೊದಲ ತಿಂಗಳು ಬಹಳ ಹೊತ್ತು ಯೋಚಿಸಿದ್ದೆ. ನಾಲ್ಕನೆಯ ತಿಂಗಳು ಕೈ ತಾನಾಗಿ “ಇಲ್ಲ” ಎಂದು ಬರೆಯಿತು. ಪ್ರತಿ ಸಲ ಮನಿಆರ್ಡರಿನ ಬೆನ್ನಿಗೇ ಒಂದು ಕಾರ್ಡು ಹಾಕಿದೆ: ಹಣ ಗದ್ದೆಗೆ, ನನಗೆ ರಜೆ ಇಲ್ಲ, ಕಾಯಬೇಡ. ಊರಿನಲ್ಲಿ ಅದನ್ನು ಕನ್ನಡ ಬಲ್ಲ ಅಂಗಡಿಯವನು ತಾಯಿಗೆ ಓದಿ ಹೇಳುತ್ತಿದ್ದ. ಹಣ ಮುಟ್ಟಿದ್ದಕ್ಕೆ ಅವಳ ಹೆಬ್ಬೆಟ್ಟಿನ ಗುರುತು ನಾಲ್ಕು ಸಲವೂ ತಿರುಗಿ ಬಂತು.

ಮೇ ತಿಂಗಳ ಮೂರನೆಯ ವಾರ, ಮೌಳಂಗಿ ಕಡೆಯಿಂದ ಬಂದ ದಿಮ್ಮಿಗಳಿಗೆ ನಂಬರು ಹೊಡೆಸುತ್ತಿದ್ದಾಗ ಊರಿನ ಕಾಗದ ಬಂತು. ಅಂಗಡಿಯವನ ಕೈಬರಹ. ಗದ್ದೆ ಪಕ್ಕದ ಮನೆಯವರಿಗೆ ಹೋಯಿತು, ಹಣ ಇದೆ, ನೀನು ಬಾ. ಇಷ್ಟೇ ಇತ್ತು.

ಹಣ ಇದೆ ಎಂಬ ಮಾತು ತಿಳಿಯಲಿಲ್ಲ. ಮುಕಾದಮನಿಗೆ ಓದಿ ಹೇಳಿದೆ. ಅವನು ಗರಗಸದ ಹಲ್ಲಿಗೆ ಅರ ಹಾಕುವುದನ್ನು ನಿಲ್ಲಿಸಿದ.

“ಮಣೆ ಮೇಲೆ ಯಾರು ಇಟ್ಟರು?” ಎಂದು ಕೇಳಿದ.

“ಯಾರೂ ಇಟ್ಟಿಲ್ಲ. ಟಪಾಲಿನವನು ತಂದು ಕೊಟ್ಟ.”

“ಹಾಗಾದರೆ ಅದು ಇದ್ದಲ್ಲೇ ಇರ್ತದೆ,” ಎಂದು ಅವನು ಮತ್ತೆ ಅರ ಹಾಕತೊಡಗಿದ. ಅವನಿಗೆ ಆಶ್ಚರ್ಯವೇ ಆಗಿರಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಇಪ್ಪತ್ತು ರೂಪಾಯಿ ಹಿಡಿದು, ಕ್ಯಾಸಲ್‌ರಾಕಿನಲ್ಲಿ ತೋರಿಸಿ, ಮನೆ ಮುಟ್ಟಿದೆ. ಹತ್ತು ಹತ್ತು ರೂಪಾಯಿಯ ನಾಲ್ಕು ಗಂಟುಗಳು, ಒಂದೊಂದು ತಿಂಗಳದ್ದು ಒಂದೊಂದು ಬಟ್ಟೆಯ ಚೂರಿನಲ್ಲಿ, ಅಕ್ಕಿಯ ಖಾಲಿ ಮಡಕೆಯಲ್ಲಿದ್ದವು. ಒಂದನ್ನೂ ಬಿಚ್ಚಿರಲಿಲ್ಲ.

“ಲಿಲಾವಿಗೆ ಹೋಗಿದ್ದೆಯಾ?” ಎಂದು ತಾಯಿಯನ್ನು ಕೇಳಿದೆ.

“ಹೋಗಿದ್ದೆ. ಒಂದು ತಿಂಗಳು ತಡೀರಿ, ಮಗ ಬರ್ತಾನೆ ಅಂತ ಹಿರಿಯರಿಗೆ ಹೇಳಿದೆ. ಒಂದು ಮನೆಗೆ ತಡೆದರೆ ಎಲ್ಲ ಮನೆಗೂ ತಡೀಬೇಕು ಅಂದರು. ಅವರ ಮಾತೂ ಸರಿ.”

“ಹಣ ಮನೆಯಲ್ಲೇ ಇತ್ತಲ್ಲ, ಆಯಿ.”

“ಇತ್ತು. ನೀನು ಇಟ್ಟಿರಲಿಲ್ಲ.”

“ನಾನೇ ಕಳಿಸಿದ್ದು. ಕಾರ್ಡಿನಲ್ಲಿ ಬರೆದಿದ್ದೆ.”

“ಓದಿ ಹೇಳಿದ. ನಾಲ್ಕು ಸಲ ಓದಿ ಹೇಳಿದ.” ಅವಳು ಒಲೆಯ ಮುಂದಿನಿಂದ ಏಳಲಿಲ್ಲ. “ನಿನ್ನ ಅಪ್ಪ ಮಣೆ ಮೇಲೆ ಇಡದ ಕಾಸಿನಿಂದ ಆ ಗದ್ದೆಗೆ ಒಂದು ಹಿಡಿ ಬೀಜ ತಂದಿಲ್ಲ. ನಾನು ಹ್ಯಾಗೆ ಕೂಗಲಿ? ಅಂಗಡಿಯವನೂ ಬೈದ. ಕೊನೆಯ ದಿನ ಗಂಟು ಬಿಚ್ಚಬೇಕು ಅಂತ ಕೂತಿದ್ದೆ. ಬಿಚ್ಚಲಿಕ್ಕೆ ಕೈ ಬರಲಿಲ್ಲ.”

ಜಗಳವಾಡುವ ಮನಸ್ಸು ನನಗಿರಲಿಲ್ಲ. ಹಳಿಯಾಳದ ಮಾಸ್ತರರ ಮುಂದೆ ನಾನು ಅವಳ ಮಗ ಎಂದು ಕಾಗದ ತೋರಿಸಿ ನಂಬಿಸಿದ್ದೆ. ಇಲ್ಲಿ ಕಾಗದ ಸಾಲದೆ ಮಗನೇ ಬರಬೇಕಾಗಿತ್ತು. ಬಾವಿಯಲ್ಲಿ ಮಿಂದು ಬಂದು, ನಾಲ್ಕೂ ಗಂಟು ಬಿಚ್ಚಿ, ನನ್ನ ಇಪ್ಪತ್ತನ್ನೂ ಸೇರಿಸಿ ಮಣೆಯ ಮೇಲಿಟ್ಟೆ. ಮರುದಿನ ಅವಳು ಎದ್ದು ಕೈ ಮುಗಿದು ತೆಗೆದುಕೊಂಡಳು. ಹೊರಗೆ ಪಕ್ಕದ ಮನೆಯವರು ಎತ್ತುಗಳನ್ನು ಹೊಳೆಯ ಕಡೆಗೆ ಹೊಡೆದುಕೊಂಡು ಹೋಗುತ್ತಿದ್ದರು. ಆ ಮನೆಯ ಹಿರಿಯ ನಮ್ಮ ಬಾಗಿಲಲ್ಲಿ ನಿಂತು, “ಮಳೆ ಚಲೋ ಬಂತು,” ಎಂದು ಹೋದ. ಬದುವಿನ ಯಾವ ಕಡೆ ನೀರು ಒಡೆಯುತ್ತದೆ ಎಂದು ತಾಯಿ ಅವನಿಗೆ ಕೂಗಿ ಹೇಳಿದಳು.

ಇನ್ನು ಮೂರು ವರ್ಷ ಅಕ್ಕಿ ಕೊಳ್ಳಬೇಕು. ಮಧ್ಯಾಹ್ನ ಮಳೆ ಬಿಟ್ಟಾಗ ನಾವಿಬ್ಬರೂ ಅಂಗಡಿಗೆ ಹೋದೆವು. ಆ ಅಂಗಡಿಯಲ್ಲಿ ಅವಳು ಉಪ್ಪು, ಎಣ್ಣೆ, ಒಣಮೀನು ಕೊಂಡವಳು, ಅಕ್ಕಿ ಕೊಂಡವಳಲ್ಲ. ಅಂಗಡಿಯವನು ಯಾವ ಅಕ್ಕಿ ಎಂದು ಕೇಳಿದ. ಅವಳು ಮೂರೂ ಚೀಲದಲ್ಲಿ ಕೈಯಾಡಿಸಿ, ಒಂದೊಂದು ಕಾಳು ಬಾಯಿಗೆ ಹಾಕಿಕೊಂಡು ಕಡಿದು ನೋಡಿದಳು.

“ಇದು ಯಾವ ಗದ್ದೆಯದು?” ಎಂದು ಕೇಳಿದಳು.

“ಯಾರಿಗೆ ಗೊತ್ತು, ಅಕ್ಕಾ. ರೈಲಿನಲ್ಲಿ ಬಂದದ್ದು.”

ಅವಳು ಕೈಯಲ್ಲಿ ಉಳಿದ ಕಾಳನ್ನು ಚೀಲಕ್ಕೆ ಸುರಿದು ಸೆರಗು ಒಡ್ಡಿದಳು. ಎಷ್ಟು ಅಳೆಯಬೇಕೆಂದು ಅಂಗಡಿಯವನು ನನ್ನ ಮುಖ ನೋಡಿದ. ಒಂದು ಮನೆಗೆ ತಿಂಗಳಿಗೆ ಎಷ್ಟು ಅಕ್ಕಿ ಬೇಕು ಎನ್ನುವುದು ನನಗೂ ಗೊತ್ತಿರಲಿಲ್ಲ.